ರೇಡಿಯಾಲಜಿ ಬೇಡ ಎಂದವರು

2016ರಲ್ಲಿ ಕೆನಡಾದ ಟೊರಾಂಟೊದಲ್ಲಿ ನಡೆದ ಒಂದು ಸಮ್ಮೇಳನದಲ್ಲಿ ಜೆಫ್ರಿ ಹಿಂಟನ್ ಎಂಬ ಕಂಪ್ಯೂಟರ್ ವಿಜ್ಞಾನಿ ಮಾತಿನ ನಡುವೆ ಒಂದು ಬಿಟ್ಟಿ ಸಲಹೆ ಕೊಟ್ಟರು. ರೇಡಿಯಾಲಜಿಸ್ಟರನ್ನು ತಯಾರು ಮಾಡುವುದನ್ನು ಈಗಲೇ ನಿಲ್ಲಿಸಿಬಿಡಿ. ಐದು ವರ್ಷದಲ್ಲಿ, ಹೆಚ್ಚೆಂದರೆ ಹತ್ತು ವರ್ಷದಲ್ಲಿ, ಎಕ್ಸ್‌ರೇ ಮತ್ತು ಸ್ಕ್ಯಾನ್ ನೋಡುವ ಕೆಲಸವನ್ನು ಯಂತ್ರಗಳು ಅವರಿಗಿಂತ ಚೆನ್ನಾಗಿ ಮಾಡುತ್ತವೆ ಎಂದರು. ಹೇಳಿದವರು ಯಾರೋ ದಾರಿಹೋಕರಲ್ಲ. ಮಿದುಳಿನ ನರಜಾಲದ ಮಾದರಿಯಲ್ಲಿ ಕಂಪ್ಯೂಟರಿಗೆ ಕಲಿಸುವ ವಿದ್ಯೆಯನ್ನು, ಅದನ್ನು ಯಾರೂ ಕೇಳದ ಕಾಲದಲ್ಲೂ ಬಿಡದೆ ಹಿಡಿದು ಕೂತವರು. 2024ರಲ್ಲಿ ಅದಕ್ಕಾಗಿಯೇ ಭೌತವಿಜ್ಞಾನದ ನೊಬೆಲ್ ಹಂಚಿಕೊಂಡರು. ಅಂಥವರ ಮಾತು ಯೂಟ್ಯೂಬ್ ಹತ್ತಿ ಮೆಡಿಕಲ್ ಕಾಲೇಜಿನ ಹಾಸ್ಟೆಲುಗಳವರೆಗೂ ಹೋಯಿತು.

ಆ ಒಂದು ಮಾತೇ ಕಾರಣ ಎನ್ನುವಂತಿಲ್ಲ, ಆ ವರ್ಷಗಳಲ್ಲಿ ಪತ್ರಿಕೆಗಳ ತುಂಬ ಇದೇ ಸುದ್ದಿಯಿತ್ತು. ಆದರೆ ಪರಿಣಾಮವೇನಾಯಿತು ಎಂಬುದಕ್ಕೆ ಲೆಕ್ಕ ಸಿಗುತ್ತದೆ. ಬ್ರಿಟನ್ನಿನ 19 ಮೆಡಿಕಲ್ ಕಾಲೇಜುಗಳ 484 ವಿದ್ಯಾರ್ಥಿಗಳನ್ನು ಕೇಳಿ ಮಾಡಿದ ಸಮೀಕ್ಷೆಯೊಂದು 2020ರಲ್ಲಿ ಪ್ರಕಟವಾಯಿತು. ಚಿಕಿತ್ಸೆಯಲ್ಲಿ ಎಐಗೆ, ಅಂದರೆ ಕೃತಕ ಬುದ್ಧಿಮತ್ತೆಗೆ, ದೊಡ್ಡ ಪಾತ್ರ ಇರುತ್ತದೆ ಎಂದವರು ಶೇ 88. ಎಐ ಕಾರಣದಿಂದ ರೇಡಿಯಾಲಜಿ ಆರಿಸಿಕೊಳ್ಳುವ ಮನಸ್ಸು ಕಡಿಮೆಯಾಗಿದೆ ಎಂದವರು ಶೇ 49. ಈ ಎರಡನೆಯ ಅಂಕಿ ಆಗ ಎಲ್ಲರ ಕಣ್ಣಿಗೆ ಬಿತ್ತು, ಚರ್ಚೆಯಾಯಿತು. ಅದೇ ವರದಿಯಲ್ಲಿ ಇನ್ನೂ ಒಂದು ಅಂಕಿ ಇದೆ. ಆ 484 ಮಂದಿಯಲ್ಲಿ ಎಐ ಬಗ್ಗೆ ಒಂದಿಷ್ಟಾದರೂ ಪಾಠ ಕೇಳಿದ್ದವರು 45 ಜನ. ಅವರಲ್ಲಿ ಒಬ್ಬರಿಗೂ ಅದು ಕಡ್ಡಾಯ ಪಠ್ಯದ ಭಾಗವಾಗಿ ಸಿಕ್ಕಿದ್ದಲ್ಲ.

ಅಂದರೆ, ಯಾರೂ ತಮಗೆ ತೋರಿಸಿ ವಿವರಿಸದ ಒಂದು ಯಂತ್ರದ ದೆಸೆಯಿಂದ, ಅರ್ಧದಷ್ಟು ಹುಡುಗ ಹುಡುಗಿಯರು ಮುಂದಿನ ನಲವತ್ತು ವರ್ಷದ ವೃತ್ತಿಯ ಬಗ್ಗೆ ಮನಸ್ಸು ಬದಲಿಸುತ್ತಿದ್ದರು.

ನಮ್ಮ ದೇಶದ ಕಥೆ ಬೇರೆ. ನೀಟ್ ಪಿಜಿ ಕೌನ್ಸೆಲಿಂಗಿನಲ್ಲಿ ಮೇಲಿನ ರ‍್ಯಾಂಕಿನವರು ಮೊದಲು ಬಾಚಿಕೊಳ್ಳುವ ಸೀಟುಗಳಲ್ಲಿ ರೇಡಿಯಾಲಜಿ ಇವತ್ತಿಗೂ ಇದೆ. ಕೈತುಂಬ ಸಂಪಾದನೆ, ವಾರ್ಡಿನ ಗೋಳು ಕಡಿಮೆ ಎಂಬ ಲೆಕ್ಕಾಚಾರದ ಮುಂದೆ ಟೊರಾಂಟೊದ ಭವಿಷ್ಯವಾಣಿ ನಿಲ್ಲಲಿಲ್ಲ. ನೊಬೆಲ್ ವಿಜ್ಞಾನಿಯ ಮಾತಿಗಿಂತ ಪಕ್ಕದ ರೂಮಿನ ಸೀನಿಯರ್ ಹೇಳಿದ್ದಕ್ಕೆ ನಮ್ಮಲ್ಲಿ ತೂಕ ಹೆಚ್ಚು ಎಂದು ನಗಬಹುದು. ಆದರೆ ಅಲ್ಲಿ ಹೆದರಿದವರೂ ಇಲ್ಲಿ ಹೆದರದವರೂ ಯಂತ್ರವನ್ನು ಪರಿಶೀಲಿಸಿ ತೀರ್ಮಾನಕ್ಕೆ ಬಂದವರಲ್ಲ ಎಂಬ ವಿಷಯದಲ್ಲಿ ಇಬ್ಬರೂ ಒಂದೇ.

ಜರ್ಮನಿಯ ಮೂರು ವಿಶ್ವವಿದ್ಯಾಲಯಗಳ 263 ಮೆಡಿಕಲ್ ವಿದ್ಯಾರ್ಥಿಗಳನ್ನು ಕೇಳಿದ ಇನ್ನೊಂದು ಸಮೀಕ್ಷೆ 2019ರಲ್ಲಿ ಬಂದಿತ್ತು. ಸ್ಕ್ಯಾನಿನಲ್ಲಿ ರೋಗದ ಗುರುತನ್ನು ಎಐ ಪತ್ತೆಹಚ್ಚಬಲ್ಲದು ಎಂದು ಒಪ್ಪಿದವರು ಶೇ 83. ರೇಡಿಯಾಲಜಿಸ್ಟರ ಜಾಗಕ್ಕೆ ಅದು ಬಂದು ಕೂರುತ್ತದೆ ಎಂಬುದನ್ನು ಒಪ್ಪದವರೂ ಶೇ 83. ಇದು ಬ್ರಿಟನ್ನಿನವರಿಗಿಂತ ಧೈರ್ಯದ ಉತ್ತರ. ಆದರೆ ಈ ತಂತ್ರಜ್ಞಾನ ಒಳಗೆ ಹೇಗೆ ಕೆಲಸ ಮಾಡುತ್ತದೆ ಎಂಬುದು ತಮಗೆ ತಿಳಿಯದು ಎಂದವರು ಶೇ 68. ಆಮೇಲೆ 2024ರಲ್ಲಿ 48 ದೇಶಗಳ 192 ಕಾಲೇಜುಗಳಿಗೆ ಬಲೆ ಬೀಸಿ, ಮೆಡಿಕಲ್, ಡೆಂಟಲ್, ಪಶುವೈದ್ಯ ಎಲ್ಲ ಸೇರಿ 4,596 ವಿದ್ಯಾರ್ಥಿಗಳನ್ನು ಕೇಳಿದ ದೊಡ್ಡ ಸಮೀಕ್ಷೆ ಹೊರಬಿತ್ತು. ಎಐ ಬಗ್ಗೆ ಒಳ್ಳೆಯ ಅಭಿಪ್ರಾಯ ಇದ್ದವರು ಶೇ 67.6, ಅದರ ಪಾಠ ಬೇಕು ಎಂದವರು ಶೇ 76.1, ತಮ್ಮ ಕಾಲೇಜಿನಲ್ಲಿ ಅಂಥ ಪಾಠವೇ ಇಲ್ಲ ಎಂದವರು ಶೇ 76.3.

ದೇಶ ಬದಲಾದರೂ ವರ್ಷ ಬದಲಾದರೂ ಉತ್ತರ ಒಂದೇ: ಬರಲಿ, ಒಳ್ಳೆಯದೇ, ನಮಗೂ ಕಲಿಸಿ, ಸದ್ಯಕ್ಕೆ ಏನೂ ಗೊತ್ತಿಲ್ಲ. ಇಂಥ ಸಮೀಕ್ಷೆಗಳು ಈಗ ವರ್ಷಕ್ಕೆ ಹತ್ತಾರು ಬರುತ್ತವೆ. ನರ್ಸಿಂಗ್, ಫಾರ್ಮಸಿ, ಫಿಸಿಯೋಥೆರಪಿ ವಿದ್ಯಾರ್ಥಿಗಳನ್ನೂ ಕೇಳಿಯಾಗಿದೆ. ಒಂದನ್ನು ಓದಿದರೆ ಮಿಕ್ಕವನ್ನು ಊಹಿಸಬಹುದು.

ಮನಸ್ಸಿನ ಒಲವನ್ನು ಅಂಕಿಯಾಗಿ ಅಳೆಯುವ ಈ ವಿಧಾನ 1932ರಷ್ಟು ಹಳೆಯದು. ಅಮೆರಿಕದ ರೆನ್ಸಿಸ್ ಲೈಕರ್ಟ್ ಎಂಬ ಮನೋವಿಜ್ಞಾನಿ ಒಂದು ಸರಳ ಉಪಾಯ ಮಾಡಿದ. ಒಂದು ಹೇಳಿಕೆ ಕೊಡಿ, ಅದರ ಮುಂದೆ 'ಪೂರ್ತಿ ಒಪ್ಪುತ್ತೇನೆ' ಎಂಬುದರಿಂದ 'ಒಪ್ಪುವುದೇ ಇಲ್ಲ' ಎಂಬುದರವರೆಗೆ ಐದು ಮೆಟ್ಟಿಲು ಇಡಿ, ಗುರುತು ಹಾಕಿಸಿ, ಕೂಡಿಸಿ. ಎಐ ಬಗೆಗಿನ ಧೋರಣೆ ಅಳೆಯಲು ಬ್ರಿಟನ್ನಿನ ಇಬ್ಬರು ಮನೋವಿಜ್ಞಾನಿಗಳು 2020ರಲ್ಲಿ ಕೊಟ್ಟ 20 ಹೇಳಿಕೆಗಳ ಮಾಪಕ ಇದೇ ಜಾತಿಯದು. ಮೆಡಿಕಲ್ ವಿದ್ಯಾರ್ಥಿಗಳು ಎಐಗೆ ಎಷ್ಟು ಸಿದ್ಧರಾಗಿದ್ದಾರೆ ಎಂದು ನೋಡಲು ಟರ್ಕಿಯಲ್ಲಿ 2021ರಲ್ಲಿ ರೂಪಿಸಿದ 22 ಹೇಳಿಕೆಗಳ ಮಾಪಕವೂ ಅಷ್ಟೇ. ಅಚ್ಚುಕಟ್ಟಾದ ಸಾಧನಗಳೇ. ತೊಂದರೆ ಎಂದರೆ, 'ಎಐ ಕೊಟ್ಟ ಫಲಿತಾಂಶವನ್ನು ನಾನು ಸರಿಯಾಗಿ ಅರ್ಥಮಾಡಿಕೊಳ್ಳಬಲ್ಲೆ' ಎಂಬಂಥ ಸಾಲಿನ ಮುಂದೆ ವಿದ್ಯಾರ್ಥಿ 'ಹೌದು' ಎಂದು ಗುರುತು ಹಾಕಿದರೆ, ಅವಳು ಅರ್ಥಮಾಡಿಕೊಳ್ಳಬಲ್ಲಳು ಎಂದು ಸಾಬೀತಾಗುವುದಿಲ್ಲ. ಹಾಗೆಂದು ಅವಳು ನಂಬಿದ್ದಾಳೆ ಎಂದಷ್ಟೇ ತಿಳಿಯುತ್ತದೆ. ಇಸಿಜಿ ಓದಲು ಬರುತ್ತದೆಯೇ ಎಂದು ಕೇಳಿ, 'ಬರುತ್ತದೆ ಸಾರ್' ಎಂದವರನ್ನೆಲ್ಲ ಪಾಸು ಮಾಡುವ ವೈವಾ ಪರೀಕ್ಷಕರನ್ನು ನಾವು ಕಂಡಿಲ್ಲ. ಇನ್ನು ಫಾರಂ ತುಂಬುವವರು ಯಾರು? ವಾಟ್ಸ್ಆ್ಯಪ್ ಗುಂಪಿಗೆ ಲಿಂಕ್ ಬಿದ್ದಾಗ ಅದನ್ನು ಒತ್ತುವವರು ಹೆಚ್ಚಾಗಿ ಆ ವಿಷಯದಲ್ಲಿ ಮೊದಲೇ ಆಸಕ್ತಿ ಇದ್ದವರು. ಮಿಕ್ಕವರು ಮುಂದಿನ ಇಂಟರ್ನಲ್ಸಿಗೆ ಓದುತ್ತಿರುತ್ತಾರೆ.

ಹಳೆಯ ಕಾಲದ ಸಮೀಕ್ಷೆಯೊಂದು ಇದಕ್ಕಿಂತ ಚುರುಕಾಗಿತ್ತು ಎಂದು ನನಗನ್ನಿಸುತ್ತದೆ. 1970ರ ದಶಕದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಡ್ವರ್ಡ್ ಶಾರ್ಟ್‌ಲಿಫ್ ಎಂಬವರು ಮೈಸಿನ್ ಎಂಬ ಪ್ರೋಗ್ರಾಂ ಕಟ್ಟಿದ್ದರು. ರಕ್ತದ ಸೋಂಕಿಗೆ ಯಾವ ಆ್ಯಂಟಿಬಯಾಟಿಕ್ ಕೊಡಬೇಕೆಂದು ಅದು, ನೂರಾರು 'ಹೀಗಿದ್ದರೆ ಹೀಗೆ' ನಿಯಮಗಳನ್ನು ಜೋಡಿಸಿ, ಸಲಹೆ ಕೊಡುತ್ತಿತ್ತು. ಪರೀಕ್ಷೆ ಮಾಡಿದಾಗ ಪ್ರಾಧ್ಯಾಪಕರಿಗೆ ಸರಿಸಮನಾಗಿಯೇ ನಿಂತಿತು. ಆದರೂ ಆಸ್ಪತ್ರೆಯ ದಿನನಿತ್ಯದ ಕೆಲಸಕ್ಕೆ ಅದು ಎಂದೂ ಇಳಿಯಲಿಲ್ಲ. ವೈದ್ಯರು ಇಂಥ ಯಂತ್ರದಿಂದ ಏನು ಬಯಸುತ್ತಾರೆ ಎಂದು ಶಾರ್ಟ್‌ಲಿಫ್ ಮತ್ತು ಸಂಗಡಿಗರು ಕೇಳಿ 1981ರಲ್ಲಿ ಪ್ರಕಟಿಸಿದರು. ಎಲ್ಲಕ್ಕಿಂತ ಮೇಲೆ ಬಂದ ಬೇಡಿಕೆ: ತನ್ನ ಸಲಹೆಗೆ ಕಾರಣ ಏನೆಂದು ಅದು ನಮಗೆ ವಿವರಿಸಬೇಕು. ಯಂತ್ರ ಬೇಕೋ ಬೇಡವೋ ಎಂಬಲ್ಲಿ ನಿಲ್ಲದೆ, ಅದು ಹೇಗಿರಬೇಕು ಎಂದು ಕೇಳಿದ್ದರಿಂದ ಅಷ್ಟು ಖಚಿತವಾದ ಉತ್ತರ ಬಂತು. ನಲವತ್ತು ವರ್ಷಗಳ ನಂತರದ ನರಜಾಲಗಳು ಕೊಡಲು ತಿಣುಕುವುದು ಅದೇ ಕಾರಣವನ್ನು.

ಟೊರಾಂಟೊದ ಭವಿಷ್ಯವಾಣಿಯ ಕಥೆಯನ್ನು ಬೇಗ ಮುಗಿಸೋಣ. ಹತ್ತು ವರ್ಷಗಳ ಗಡುವು ಮುಗಿಯುವ ಹೊತ್ತಿಗೆ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಒಪ್ಪಿಗೆ ಕೊಟ್ಟ ಎಐ ಸಾಧನಗಳ ಪಟ್ಟಿ ಸಾವಿರ ದಾಟಿತ್ತು, ಅದರಲ್ಲಿ ಮುಕ್ಕಾಲು ಪಾಲು ರೇಡಿಯಾಲಜಿಗೇ ಸೇರಿದ್ದು. ಹಾಗಿದ್ದೂ ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ರೇಡಿಯಾಲಜಿಸ್ಟರ ಸಂಖ್ಯೆ 2016ರಿಂದ 2025ರ ನಡುವೆ ಶೇ 55ರಷ್ಟು ಏರಿ ನಾನೂರನ್ನು ಮೀರಿತು. ತಾನು ಮಾತನ್ನು ವಿಪರೀತ ಸಾರಾಸಗಟಾಗಿ ಆಡಿದೆ ಎಂದು ಹಿಂಟನ್ ಆಮೇಲೆ ಒಪ್ಪಿಕೊಂಡರು. ಯಂತ್ರ ಸೋತಿತು ಎಂದೇನೂ ಇದರ ಅರ್ಥವಲ್ಲ. ಸ್ವೀಡನ್ನಿನಲ್ಲಿ 80 ಸಾವಿರ ಮಹಿಳೆಯರ ಸ್ತನ ತಪಾಸಣೆಯ ಪ್ರಯೋಗದಲ್ಲಿ ಅರ್ಧದಷ್ಟು ಮಂದಿಯ ಚಿತ್ರಗಳಿಗೆ ಎಐ ನೆರವು ಪಡೆದಾಗ, ಸ್ಕ್ಯಾನ್ ಓದುವ ಹೊರೆ ಶೇ 44ರಷ್ಟು ಇಳಿಯಿತು, ಪತ್ತೆಯಾದ ಕ್ಯಾನ್ಸರ್ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ರೇಡಿಯಾಲಜಿಸ್ಟರ ದಿನ ಬರೀ ಚಿತ್ರ ನೋಡುವುದರಲ್ಲಿ ಮುಗಿಯುವುದಿಲ್ಲ ಎಂಬುದನ್ನು ಹಿಂಟನ್ ಲೆಕ್ಕಕ್ಕೆ ಹಿಡಿದಿರಲಿಲ್ಲ. ಯಾವ ಸ್ಕ್ಯಾನ್ ಬೇಕು ಎಂದು ಸರ್ಜನ್ ಜತೆ ವಾದಿಸುವುದು, ಸೂಜಿ ಹಾಕಿ ಬಯಾಪ್ಸಿ ತೆಗೆಯುವುದು, ಹೋದ ವರ್ಷದ ಚಿತ್ರದೊಂದಿಗೆ ತಾಳೆ ನೋಡಿ 'ಇದು ಹಳೆಯ ಕಲೆ, ಬಿಡಿ' ಎನ್ನುವುದು ಇವೆಲ್ಲ ಆ ಕೆಲಸದೊಳಗಿವೆ.

ಹಾಗಾದರೆ ಬ್ರಿಟನ್ನಿನ ಆ ಅರ್ಧದಷ್ಟು ಮಂದಿ ಸುಮ್ಮನೆ ಹೆದರಿದರೇ? ಕೆಲಸ ಹೋಗುತ್ತದೆ ಎಂಬ ಹೆದರಿಕೆಗೆ ಸದ್ಯ ಆಧಾರ ಕಾಣುವುದಿಲ್ಲ. ಹೆದರಲು ಬೇರೆ ಕಾರಣ ಇದೆ, ಅದು ಈ ಅಂಕಿಗಳಲ್ಲಿ ಕಾಣುವುದಿಲ್ಲ.

ಜರ್ಮನಿಯ ಕೆಲವು ಸಂಶೋಧಕರು 2023ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನಿಧಾನವಾಗಿ ನೋಡಬೇಕು. ಅವರು 27 ರೇಡಿಯಾಲಜಿಸ್ಟರ ಮುಂದೆ 50 ಮ್ಯಾಮೊಗ್ರಾಂ ಇಟ್ಟರು. ಸ್ತನದ ಚಿತ್ರವನ್ನು ನೋಡಿ, ಕ್ಯಾನ್ಸರ್ ಅನುಮಾನ ಎಷ್ಟಿದೆ ಎಂದು ನಿಗದಿತ ದರ್ಜೆ ಕೊಡುವುದು ಕೆಲಸ. ಪ್ರತಿ ಚಿತ್ರದ ಪಕ್ಕದಲ್ಲೂ 'ಎಐ ಕೊಟ್ಟ ದರ್ಜೆ' ಎಂದು ಒಂದು ಸಲಹೆ ಇತ್ತು. ನಿಜದಲ್ಲಿ ಅದನ್ನು ಕೊಟ್ಟಿದ್ದು ಎಐ ಅಲ್ಲ, ಸಂಶೋಧಕರೇ. ಮೊದಲ ಹತ್ತು ಚಿತ್ರಗಳಲ್ಲಿ ಸಲಹೆ ಪೂರ್ತಿ ಸರಿ ಇತ್ತು, ನಂಬಿಕೆ ಹುಟ್ಟಲಿ ಎಂದು. ಮುಂದಿನ ನಲವತ್ತರಲ್ಲಿ ಹನ್ನೆರಡು ಕಡೆ ಬೇಕೆಂದೇ ತಪ್ಪು ದರ್ಜೆ ಹಾಕಿದ್ದರು.

ಸಲಹೆ ಸರಿ ಇದ್ದಾಗ ಅನುಭವ ಇದ್ದವರು, ಇಲ್ಲದವರು ಎಲ್ಲರೂ ನೂರಕ್ಕೆ 80ರ ಆಸುಪಾಸಿನಲ್ಲಿ ಸರಿಯುತ್ತರ ಕೊಟ್ಟರು. ಸಲಹೆ ತಪ್ಪಿದಾಗ, ಹೆಚ್ಚಿನ ಅನುಭವ ಇಲ್ಲದವರ ಸರಿಯುತ್ತರ ನೂರಕ್ಕೆ 20ಕ್ಕೆ ಕುಸಿಯಿತು. ಬಹಳ ವರ್ಷ ಪಳಗಿದವರೂ ಜಾರಿದರು, ಆದರೆ ಅವರು ನಿಂತದ್ದು 46ರ ಹತ್ತಿರ.

ಇಲ್ಲಿ ಗಮನಿಸಬೇಕಾದದ್ದು ಎರಡು. ತಜ್ಞರೂ ಎಡವುತ್ತಾರೆ ಎಂಬುದು ಒಂದು. ಸಲಹೆ ಸರಿ ಇರುವಷ್ಟು ಕಾಲ ಹೊಸಬರಿಗೂ ಹಳಬರಿಗೂ ವ್ಯತ್ಯಾಸವೇ ಕಾಣಲಿಲ್ಲ ಎಂಬುದು ಇನ್ನೊಂದು, ಇದು ಹೆಚ್ಚು ಕಿರಿಕಿರಿಯದು. ಯಂತ್ರ ಸರಿಯಾಗಿ ನಡೆಯುತ್ತಿರುವ ದಿನಗಳಲ್ಲಿ ಯಾರಿಗೆ ವಿದ್ಯೆ ಇದೆ, ಯಾರಿಗೆ ಇಲ್ಲ ಎಂದು ಪಕ್ಕದಲ್ಲಿ ನಿಂತ ಪ್ರೊಫೆಸರಿಗೆ ತಿಳಿಯುವುದೇ ಇಲ್ಲ. ತಿಳಿಯಬೇಕಾದವರಿಗೂ, ಅಂದರೆ ಆ ವಿದ್ಯಾರ್ಥಿಗೂ, ತಿಳಿಯುವುದಿಲ್ಲ.

ಪಳಗಿದ ಕೈಯೂ ಕಾಲಕ್ರಮದಲ್ಲಿ ಮಂಕಾಗಬಹುದೇ? ಪೋಲೆಂಡಿನ ನಾಲ್ಕು ಕೇಂದ್ರಗಳಲ್ಲಿ ಕೊಲೊನೋಸ್ಕೋಪಿ ಮಾಡುವ ಅನುಭವಿ ವೈದ್ಯರ ಲೆಕ್ಕ 2025ರಲ್ಲಿ ಬಂತು. ದೊಡ್ಡಕರುಳಿನೊಳಗೆ ಕ್ಯಾಮೆರಾ ತೂರಿಸಿ, ಮುಂದೆ ಕ್ಯಾನ್ಸರ್ ಆಗಬಹುದಾದ ಸಣ್ಣ ಗಂಟುಗಳನ್ನು ಹುಡುಕುವುದು ಅವರ ಕೆಲಸ. ಅಂಥ ಗಂಟು ಕಂಡರೆ ಪರದೆಯ ಮೇಲೆ ಚೌಕ ಹಾಕಿ ತೋರಿಸುವ ಎಐ ಅಲ್ಲಿಗೆ ಬಂತು. ಅದು ಬರುವ ಮುಂಚೆ, ಈ ವೈದ್ಯರು ತಮ್ಮ ಕಣ್ಣಿನಿಂದಲೇ ನೂರಕ್ಕೆ 28.4 ತಪಾಸಣೆಗಳಲ್ಲಿ ಗಂಟು ಹಿಡಿಯುತ್ತಿದ್ದರು. ಎಐ ಬಂದ ಮೇಲಿನ ಮೂರು ತಿಂಗಳ ಅವಧಿಯಲ್ಲಿ, ಅದಿಲ್ಲದೆ ಮಾಡಿದ ತಪಾಸಣೆಗಳಲ್ಲಿ ಹಿಡಿದದ್ದು ನೂರಕ್ಕೆ 22.4. ಇದು ಆದದ್ದನ್ನು ಗಮನಿಸಿ ಬರೆದ ಲೆಕ್ಕ, ಚೀಟಿ ಎತ್ತಿ ಗುಂಪು ಮಾಡಿದ ಪ್ರಯೋಗವಲ್ಲ. ಹೀಗಾಗಿ ಬೇರೆ ಕಾರಣವೂ ಇದ್ದೀತು ಎಂಬ ಅನುಮಾನ ಉಳಿಸಿಕೊಳ್ಳಬೇಕು. ಆದರೂ ಪಾಯಿಂಟು ಚುಚ್ಚುತ್ತದೆ: ಅವರು ಒಬ್ಬೊಬ್ಬರೂ ಸಾವಿರಾರು ಕೊಲೊನೋಸ್ಕೋಪಿ ಮಾಡಿ ಕೈ ಪಳಗಿಸಿಕೊಂಡವರು. ಮೊದಲ ನೂರನ್ನೇ ಚೌಕದ ನೆರವಿನಿಂದ ಮಾಡುವವರ ಕಣ್ಣು ಪಳಗುವುದು ಯಾವಾಗ?

ಕಾರ್ಖಾನೆ ಮತ್ತು ವಿಮಾನಗಳ ಲೋಕದಲ್ಲಿ ಈ ಒಗಟನ್ನು ಲಿಸಾನ್ ಬೇನ್‌ಬ್ರಿಜ್ ಎಂಬ ಬ್ರಿಟಿಷ್ ಮನೋವಿಜ್ಞಾನಿ 1983ರಲ್ಲೇ ಬರೆದಿಟ್ಟಿದ್ದರು. ಸುಲಭದ ಕೆಲಸವನ್ನು ಯಂತ್ರಕ್ಕೆ ಕೊಟ್ಟು, ಯಂತ್ರ ಕೈಕೊಟ್ಟಾಗ ನೋಡಿಕೊಳ್ಳಲು ಮನುಷ್ಯನನ್ನು ಕೂರಿಸುತ್ತೇವೆ. ಆದರೆ ಸುಲಭದ ಕೆಲಸವನ್ನು ದಿನವೂ ಮಾಡಿದ್ದರಿಂದಲೇ ಕಷ್ಟದ ಹೊತ್ತಿಗೆ ಬೇಕಾದ ಕೈಚಳಕ ಅವನಿಗೆ ಬಂದಿದ್ದು. ವಿಮಾನದ ಪೈಲಟ್ಟಿಗೆ ಆ ಕೈಚಳಕ ಉಳಿಸಿಕೊಳ್ಳಲು ಸಿಮ್ಯುಲೇಟರ್ ಕಡ್ಡಾಯ. ಮೆಡಿಕಲ್ ವಿದ್ಯಾರ್ಥಿಯ ಸ್ಥಿತಿ ಅದಕ್ಕಿಂತ ಸೂಕ್ಷ್ಮ. ಉಳಿಸಿಕೊಳ್ಳುವುದಕ್ಕೆ ಅವಳ ಬಳಿ ಇನ್ನೂ ಏನೂ ಇಲ್ಲ. ಈ ಅಧ್ಯಾಯದಲ್ಲಿ ನಾನು ಒಂದೇ ಒಂದು ಮಾತಿಗೆ ಪಟ್ಟುಹಿಡಿಯುವುದಾದರೆ ಇದಕ್ಕೆ: ಎಐ ತನ್ನ ಕೆಲಸ ಕಸಿಯುತ್ತದೆಯೇ ಎಂದು ಯೋಚಿಸುವ ವಿದ್ಯಾರ್ಥಿ, ಅದು ತನ್ನ ಅಭ್ಯಾಸವನ್ನು ಕಸಿಯುತ್ತಿದೆಯೇ ಎಂದು ಯೋಚಿಸಬೇಕು.

ಪಾಠ ಬೇಕು ಎಂದು ಮುಕ್ಕಾಲು ಪಾಲು ವಿದ್ಯಾರ್ಥಿಗಳು ಹೇಳುತ್ತಾರಲ್ಲ, ಯಾವ ಪಾಠ? ಕೋಡಿಂಗ್ ಎಂದರೆ ಹಲವರು ತಲೆಯಾಡಿಸುತ್ತಾರೆ. ನನಗೆ ಅದರಲ್ಲಿ ನಂಬಿಕೆ ಇಲ್ಲ. ಎಂಆರ್‌ಐ ಓದುವವರು ಅದರ ಅಯಸ್ಕಾಂತ ಕಟ್ಟಲು ಕಲಿಯುವುದಿಲ್ಲ. ಆದರೆ ಲೋಹ ಇದ್ದ ಕಡೆ ಚಿತ್ರ ಏಕೆ ಕೆಡುತ್ತದೆ ಎಂದು ಅವರಿಗೆ ಗೊತ್ತಿರಬೇಕು. ಎಐ ವಿಷಯದಲ್ಲೂ ಚಿತ್ರ ಎಲ್ಲಿ ಕೆಡುತ್ತದೆ ಎಂಬುದೇ ಪಾಠ.

ಬೆಂಗಳೂರಿನ ಒಂದು ಎಳೆಯಿಂದ ಶುರು ಮಾಡಬಹುದು. ಸಕ್ಕರೆ ಕಾಯಿಲೆಯಿಂದ ಕಣ್ಣಿನ ಅಕ್ಷಿಪಟಲ ಕೆಡುವುದನ್ನು ಫೋಟೊ ನೋಡಿ ಗುರುತಿಸುವ ಗೂಗಲ್‌ನ ಪ್ರೋಗ್ರಾಂ 2016ರಲ್ಲಿ ದೊಡ್ಡ ಸುದ್ದಿ ಮಾಡಿತು. ಅದನ್ನು ತರಬೇತಿಗೊಳಿಸಿದ್ದು 1,28,175 ಕಣ್ಣಿನ ಚಿತ್ರಗಳಿಂದ. ಅಮೆರಿಕದ ಚಿತ್ರಗಳ ಜತೆ ಭಾರತದ ಮೂರು ಆಸ್ಪತ್ರೆಗಳ ಚಿತ್ರಗಳು ಅದರಲ್ಲಿದ್ದವು: ತಮಿಳುನಾಡಿನ ಅರವಿಂದ್, ಚೆನ್ನೈನ ಶಂಕರ ನೇತ್ರಾಲಯ, ನಮ್ಮ ಬೆಂಗಳೂರಿನ ನಾರಾಯಣ ನೇತ್ರಾಲಯ. ಈ ಚಿತ್ರದಲ್ಲಿ ರೋಗ ಇದೆ, ಇದರಲ್ಲಿ ಇಲ್ಲ ಎಂದು ಯಂತ್ರಕ್ಕೆ ಹೇಳಿಕೊಟ್ಟವರು ಅಮೆರಿಕದ 54 ಕಣ್ಣಿನ ವೈದ್ಯರು. ಒಂದೊಂದು ಚಿತ್ರವನ್ನೂ ಮೂರರಿಂದ ಏಳು ಮಂದಿ ನೋಡಿದರು. ಅಷ್ಟು ಮಂದಿ ಏಕೆ ಬೇಕಾಯಿತು? ಒಂದೇ ಚಿತ್ರಕ್ಕೆ ಇಬ್ಬರು ತಜ್ಞರು ಬೇರೆ ಬೇರೆ ದರ್ಜೆ ಕೊಡುತ್ತಾರೆ. ಹಾಗಾಗಿ ಬಹುಮತ. ಯಂತ್ರ ಕಲಿತದ್ದು ರೋಗವನ್ನಲ್ಲ, ರೋಗದ ಬಗ್ಗೆ ಕೆಲವು ವೈದ್ಯರ ಬಹುಮತದ ಅಭಿಪ್ರಾಯವನ್ನು. ಇಷ್ಟು ತಿಳಿದ ವಿದ್ಯಾರ್ಥಿಗೆ ಶೇಕಡಾ ಇಷ್ಟು ನಿಖರತೆ ಎಂಬ ಜಾಹೀರಾತು ಕಂಡಾಗ, ಯಾರ ಉತ್ತರಕ್ಕೆ ಹೋಲಿಸಿ ಎಂದು ಕೇಳಲು ಬರುತ್ತದೆ.

ಎರಡನೆಯ ಪಾಠ ನ್ಯೂಯಾರ್ಕಿನ ಮೌಂಟ್ ಸಿನಾಯ್ ಆಸ್ಪತ್ರೆಯ ಸಂಶೋಧಕರದು, 2018ರದು. ಎದೆಯ ಎಕ್ಸ್‌ರೇ ನೋಡಿ ನ್ಯುಮೋನಿಯಾ ಹೇಳುವ ನರಜಾಲವೊಂದು ತನ್ನ ಆಸ್ಪತ್ರೆಯಲ್ಲಿ ಜಾಣನಾಗಿತ್ತು, ಬೇರೆ ಆಸ್ಪತ್ರೆಯ ಚಿತ್ರ ಕೊಟ್ಟರೆ ದಡ್ಡನಾಗುತ್ತಿತ್ತು. ಕೆದಕಿ ನೋಡಿದರೆ, ಶ್ವಾಸಕೋಶಕ್ಕಿಂತ ಮೂಲೆಯಲ್ಲಿ ಟೆಕ್ನಿಷಿಯನ್ ಇಡುವ ಲೋಹದ ಗುರುತಿನ ಚೂರಿನಂಥವನ್ನು ಅದು ಗಮನಿಸುತ್ತಿತ್ತು. ಆ ಗುರುತಿನಿಂದ ಚಿತ್ರ ಯಾವ ಆಸ್ಪತ್ರೆಯದು ಎಂದು ತಿಳಿಯುತ್ತದೆ. ಒಂದು ಆಸ್ಪತ್ರೆಯಲ್ಲಿ ನ್ಯುಮೋನಿಯಾ ಪ್ರಮಾಣ ಹೆಚ್ಚು, ಇನ್ನೊಂದರಲ್ಲಿ ಕಡಿಮೆ. ವಿಳಾಸ ತಿಳಿದರೆ ಅರ್ಧ ಉತ್ತರ ತಿಳಿದಂತೆ. ಪ್ರಶ್ನೆಪತ್ರಿಕೆ ಹಾಕಿದ ಪ್ರೊಫೆಸರ್ ಯಾರೆಂದು ತಿಳಿದು ಅವರ ಅಚ್ಚುಮೆಚ್ಚಿನ ಪಾಠವನ್ನಷ್ಟೇ ಓದಿಕೊಂಡು ಹೋಗುವ ಜಾಣರನ್ನು ಎಲ್ಲ ಕಾಲೇಜುಗಳೂ ಕಂಡಿವೆ.

ಮೂರನೆಯದು ಇದಕ್ಕಿಂತ ಹಳೆಯದು, ನನ್ನ ಮೆಚ್ಚಿನದು. 1990ರ ದಶಕದಲ್ಲಿ ಅಮೆರಿಕದಲ್ಲಿ ರಿಚ್ ಕರುವಾನ ಮತ್ತು ಸಂಗಡಿಗರು ನ್ಯುಮೋನಿಯಾ ರೋಗಿಗಳಲ್ಲಿ ಯಾರು ಸಾಯುವ ಅಪಾಯ ಹೆಚ್ಚು, ಯಾರನ್ನು ಮನೆಗೆ ಕಳಿಸಬಹುದು ಎಂದು ಅಂದಾಜಿಸುವ ಪ್ರೋಗ್ರಾಂಗಳನ್ನು ತಯಾರಿಸುತ್ತಿದ್ದರು. ಎಲ್ಲಕ್ಕಿಂತ ನಿಖರವಾಗಿದ್ದುದು ನರಜಾಲ. ಅದರ ಜತೆಗೇ ತಯಾರಾಗುತ್ತಿದ್ದ, ಒಳಗಿನ ನಿಯಮಗಳು ಕಣ್ಣಿಗೆ ಕಾಣುವ ಇನ್ನೊಂದು ಪ್ರೋಗ್ರಾಂ ಒಂದು ವಿಚಿತ್ರ ನಿಯಮ ಕಲಿತಿತ್ತು: ಆಸ್ತಮಾ ಇದ್ದವರಿಗೆ ಅಪಾಯ ಕಡಿಮೆ. ಉಬ್ಬಸದ ರೋಗಿಗೆ ನ್ಯುಮೋನಿಯಾ ಬಂದರೆ ಅಪಾಯ ಕಡಿಮೆಯೇ? ಯಾವ ಹೌಸ್ ಸರ್ಜನ್ನನ್ನು ಕೇಳಿದರೂ ನಗುತ್ತಾನೆ. ಆದರೆ ದತ್ತಾಂಶ ಸುಳ್ಳಾಗಿರಲಿಲ್ಲ. ಅಂಥ ರೋಗಿ ಬಂದ ಕೂಡಲೇ ವೈದ್ಯರು ನೇರ ಐಸಿಯುಗೆ ಹಾಕುತ್ತಿದ್ದರು, ಅದರಿಂದ ಅವರು ಬದುಕುಳಿಯುತ್ತಿದ್ದರು. ಆರೈಕೆಯ ಫಲವನ್ನು ಯಂತ್ರ ರೋಗದ ಗುಣ ಎಂದು ಓದಿಕೊಂಡಿತ್ತು. ಅದರ ಮಾತು ಕೇಳಿ ಆಸ್ತಮಾ ರೋಗಿಯನ್ನು ಮನೆಗೆ ಕಳಿಸಿದ್ದರೆ ಆ ಫಲವೂ ಇರುತ್ತಿರಲಿಲ್ಲ. ನರಜಾಲದೊಳಗೂ ಇಂಥದ್ದು ಇನ್ನೆಷ್ಟು ಅಡಗಿದೆಯೋ ಎಂದು, ಅದು ಹೆಚ್ಚು ನಿಖರವಾಗಿದ್ದರೂ ರೋಗಿಗಳ ಮೇಲೆ ಬಳಸಲಿಲ್ಲ. ಈ ತಪ್ಪನ್ನು ಹಿಡಿಯಲು ಬೇಕಾದದ್ದು ವಾರ್ಡಿನಲ್ಲಿ ಏನು ನಡೆಯುತ್ತದೆ ಎಂಬ ತಿಳಿವಳಿಕೆ, ಗಣಿತವಲ್ಲ.

ಗಣಿತ ಬೇಕಾಗುವ ಜಾಗ ಇನ್ನೊಂದಿದೆ, ಅದು ಹೈಸ್ಕೂಲಿನ ಗಣಿತವೇ. ಒಂದು ಯಂತ್ರ ರೋಗ ಇದ್ದವರಲ್ಲಿ ಶೇ 90 ಮಂದಿಯನ್ನು ಹಿಡಿಯುತ್ತದೆ, ಇಲ್ಲದವರಲ್ಲಿ ಶೇ 90 ಮಂದಿಗೆ ಇಲ್ಲವೆಂದೇ ಹೇಳುತ್ತದೆ ಎಂದುಕೊಳ್ಳಿ. ಹಳ್ಳಿಯ ತಪಾಸಣಾ ಶಿಬಿರಕ್ಕೆ ಸಾವಿರ ಜನ ಬಂದರು, ಅವರಲ್ಲಿ ರೋಗ ಇರುವವರು 10. ಯಂತ್ರ 9 ಜನರನ್ನು ಹಿಡಿಯಿತು. ಆರೋಗ್ಯವಾಗಿರುವ 990 ಜನರಲ್ಲಿ 99 ಮಂದಿಯ ಮೇಲೂ ಕೆಂಪು ದೀಪ ಹಚ್ಚಿತು. ಒಟ್ಟು 108 ಕೆಂಪು ದೀಪ, ನಿಜವಾದ ರೋಗಿಗಳು 9. ಅದೇ ಯಂತ್ರವನ್ನು ಜಿಲ್ಲಾಸ್ಪತ್ರೆಯ ಎದೆರೋಗ ವಿಭಾಗಕ್ಕೆ ಒಯ್ಯಿರಿ. ಅಲ್ಲಿ ಬರುವ ಸಾವಿರದಲ್ಲಿ 300 ಮಂದಿಗೆ ರೋಗ ಇದ್ದರೆ, 340 ಕೆಂಪು ದೀಪಗಳಲ್ಲಿ 270 ನಿಜ. ಯಂತ್ರ ಬದಲಾಗಿಲ್ಲ, ಎದುರಿಗೆ ನಿಂತ ಜನ ಬದಲಾದರು. ಸಮುದಾಯ ವೈದ್ಯ ವಿಭಾಗದವರು ಈ ಲೆಕ್ಕವನ್ನು ಎಂದಿನಿಂದಲೂ ಪಾಠ ಮಾಡುತ್ತಾ ಬಂದಿದ್ದಾರೆ. ಪರೀಕ್ಷೆಗೆ ಬರುತ್ತದೆಂದು ಬಾಯಿಪಾಠ ಮಾಡಿ ಮರೆಯುವ ಪಾಠ ಅದು. ಎಐ ಬಂದ ಮೇಲೆ ಅದಕ್ಕೆ ಹೊಸ ಜೀವ ಬರಬೇಕಿತ್ತು.

ಇಷ್ಟೆಲ್ಲ ಚಿತ್ರ ನೋಡುವ ಯಂತ್ರಗಳ ಮಾತಾಯಿತು. ಇವತ್ತಿನ ವಿದ್ಯಾರ್ಥಿಯ ಕೈಲಿರುವುದು ಬೇರೆ ಬಗೆಯದು. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂತು. ಕೆಲವೇ ತಿಂಗಳಲ್ಲಿ ಅದು ಅಮೆರಿಕದ ವೈದ್ಯಕೀಯ ಪರವಾನಗಿ ಪರೀಕ್ಷೆಯ ಪ್ರಶ್ನೆಗಳಲ್ಲಿ ಪಾಸ್ ಗೆರೆಯ ಹತ್ತಿರ ಬಂದಿದೆ ಎಂದು ಸಂಶೋಧಕರು ತೋರಿಸಿದರು. ಇದಕ್ಕೆ ಕಾಲೇಜಿನ ಅಪ್ಪಣೆ ಬೇಕಿಲ್ಲ, ಪಠ್ಯಕ್ರಮ ಸಮಿತಿ ಕೂರಬೇಕಿಲ್ಲ. ಕೇಸ್ ಪ್ರೆಸೆಂಟೇಷನ್ನಿಗೆ ತಯಾರಿ, ಸೆಮಿನಾರಿನ ಸ್ಲೈಡು, ನಾಳೆ ವೈವಾದಲ್ಲಿ ಕೇಳಬಹುದಾದ ಪ್ರಶ್ನೆ ಎಲ್ಲವೂ ಫೋನಿನಲ್ಲಿ. ಧೋರಣೆ ಏನೆಂದು ಕೇಳುವ ಸಮೀಕ್ಷೆ ಇಲ್ಲಿ ಬಸ್ಸು ಹೋದ ಮೇಲೆ ಕೈ ತೋರಿಸಿದಂತೆ.

ಇವುಗಳ ಜಾಣತನ ಸಣ್ಣದಲ್ಲ. 2024ರಲ್ಲಿ ಅಮೆರಿಕದ 50 ವೈದ್ಯರಿಗೆ ಬರಹದಲ್ಲಿ ಕ್ಲಿಷ್ಟ ಪ್ರಕರಣಗಳನ್ನು ಕೊಟ್ಟು ರೋಗನಿರ್ಣಯದ ತರ್ಕಕ್ಕೆ ಅಂಕ ಹಾಕಿದರು. ಮಾಮೂಲು ಸಾಧನಗಳನ್ನಷ್ಟೇ ಬಳಸಿದವರಿಗೆ ಬಂದದ್ದು ನೂರಕ್ಕೆ 74, ಚಾಟ್‌ಜಿಪಿಟಿಯ ಜಿಪಿಟಿ-4 ಆವೃತ್ತಿ ಕೂಡ ಪಕ್ಕದಲ್ಲಿದ್ದವರಿಗೆ 76. ವೈದ್ಯರನ್ನು ಬಿಟ್ಟು ಜಿಪಿಟಿ-4 ತಾನೇ ಉತ್ತರಿಸಿದಾಗ 92. ಇದನ್ನು ಓದಿದ ವಿದ್ಯಾರ್ಥಿಗೆ ಎದೆ ಧಸಕ್ಕೆನ್ನಬೇಕು, ಸಹಜ. ಆದರೆ ಆ ಪ್ರಕರಣಗಳನ್ನು ಬರೆದವರು ಯಾರು? ರೋಗಿಯ ಹತ್ತಿರ ಕೂತು, ಬೇಕಾದದ್ದನ್ನು ಕೇಳಿ, ಬೇಡದ್ದನ್ನು ಬದಿಗಿಟ್ಟು, ಹೊಟ್ಟೆ ಮುಟ್ಟಿ ನೋಡಿ, ಎಲ್ಲವನ್ನೂ ಎರಡು ಪುಟಕ್ಕೆ ಇಳಿಸಿದ ಒಬ್ಬ ವೈದ್ಯ ಅಲ್ಲಿ ಮೊದಲೇ ಕೆಲಸ ಮುಗಿಸಿದ್ದ. ಅಷ್ಟಾದ ಮೇಲೆ ಉಳಿದದ್ದು ಯಂತ್ರಕ್ಕೆ ಸಲೀಸು.

ಆ ವೈದ್ಯನನ್ನು ತೆಗೆದುಬಿಟ್ಟರೆ? ಆಕ್ಸ್‌ಫರ್ಡಿನ ಸಂಶೋಧಕರು 2025ರಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ ಬ್ರಿಟನ್ನಿನ 1,298 ಸಾಮಾನ್ಯ ಜನರಿಗೆ ಕಾಯಿಲೆಯ ಸನ್ನಿವೇಶಗಳನ್ನು ಕೊಟ್ಟರು. ಸನ್ನಿವೇಶವನ್ನು ಪೂರ್ತಿಯಾಗಿ ಯಂತ್ರಕ್ಕೇ ಕೊಟ್ಟಾಗ ನೂರಕ್ಕೆ 94.9ರಷ್ಟು ಸಲ ಅದು ಸಂಬಂಧಪಟ್ಟ ರೋಗವನ್ನು ಹೆಸರಿಸಿತು. ಅದೇ ಯಂತ್ರದ ಜತೆ ಜನ ತಾವೇ ಮಾತಾಡಿ ಕಂಡುಕೊಳ್ಳಲು ಹೋದಾಗ ನೂರಕ್ಕೆ 34.5ನ್ನೂ ಮುಟ್ಟಲಿಲ್ಲ. ಯಂತ್ರದ ನೆರವಿಲ್ಲದೆ ತಮಗೆ ತೋಚಿದಂತೆ ಹುಡುಕಿಕೊಂಡವರಿಗಿಂತ ಅದೇನೂ ಮೇಲಲ್ಲ. ಯಾವುದನ್ನು ಹೇಳಬೇಕು, ಯಾವುದನ್ನು ಬಿಡಬಾರದು ಎಂಬುದು ಜನರಿಗೆ ತಿಳಿಯಲಿಲ್ಲ, ಯಂತ್ರಕ್ಕೆ ಕೆದಕಿ ಕೇಳಲು ಬರಲಿಲ್ಲ. ಮೊದಲ ಕ್ಲಿನಿಕಲ್ ಪೋಸ್ಟಿಂಗಿನಲ್ಲಿ ಹುಡುಗರು ಗೊಣಗಿಕೊಂಡು ಮಾಡುವ 'ಹಿಸ್ಟರಿ ತೆಗೆಯುವ' ಕೆಲಸ ಈ ಎರಡು ಅಂಕಿಗಳ ನಡುವಿನ ಅಂತರದಲ್ಲಿದೆ. ಲಾಗ್‌ಬುಕ್ ತುಂಬಿಸಲು ಕೇಸ್ ಶೀಟನ್ನು ಚಾಟ್‌ಜಿಪಿಟಿಯಿಂದ ಬರೆಸಿಕೊಳ್ಳುವ ಇಂಟರ್ನ್, ತನಗೆ ಉಳಿದಿರುವ ಈ ಒಂದು ವಿದ್ಯೆಯನ್ನೇ ಕೈಯಾರೆ ಬಿಟ್ಟುಕೊಡುತ್ತಾನೆ.

ನರ್ಸಿಂಗ್ ವಿದ್ಯಾರ್ಥಿಗಳ ಮಾತು ಬೇರೆ. ತಮ್ಮ ಜಾಗಕ್ಕೆ ರೋಬೋ ಬರುತ್ತದೆ ಎಂದು ಅವರನ್ನು ಯಾವ ನೊಬೆಲ್ ವಿಜ್ಞಾನಿಯೂ ಹೆದರಿಸಿಲ್ಲ. ಎಐ ಮತ್ತು ವೈದ್ಯಶಿಕ್ಷಣದ ಚರ್ಚೆ ಡಾಕ್ಟರುಗಳ ಸುತ್ತಲೇ ಸುತ್ತುತ್ತದೆ. ಆದರೆ ಯಂತ್ರ ಆಸ್ಪತ್ರೆಗೆ ಬಂದಾಗ ಅದನ್ನು ಮೊದಲು ಮುಟ್ಟುವವರು ನರ್ಸುಗಳು ಮತ್ತು ಟೆಕ್ನಿಷಿಯನ್ನುಗಳು. ಗೂಗಲ್‌ನ ಅದೇ ಕಣ್ಣಿನ ಪ್ರೋಗ್ರಾಂ ಥಾಯ್ಲೆಂಡಿಗೆ ಹೋದಾಗ ಹಾಗೇ ಆಯಿತು. ಪತುಮ್ ಥಾನಿ ಮತ್ತು ಚಿಯಾಂಗ್ ಮಾಯ್ ಪ್ರಾಂತಗಳ 11 ಕ್ಲಿನಿಕ್ಕುಗಳಲ್ಲಿ ಕಣ್ಣಿನ ಫೋಟೊ ತೆಗೆದು ಯಂತ್ರಕ್ಕೆ ಕಳಿಸುವುದು ನರ್ಸುಗಳ ಪಾಲಿಗೆ ಬಂತು. ಏನಾಯಿತೆಂದು 2020ರ ವರದಿಯೊಂದು ಬಿಡಿಸಿ ಹೇಳುತ್ತದೆ. ಪ್ರಯೋಗಾಲಯದಲ್ಲಿ ಯಂತ್ರ ಸ್ವಚ್ಛವಾದ ಚಿತ್ರಗಳನ್ನೇ ನೋಡಿ ಬೆಳೆದಿತ್ತು. ಹೆಚ್ಚಿನ ಕ್ಲಿನಿಕ್ಕುಗಳಲ್ಲಿ ಕತ್ತಲೆ ಕೋಣೆಗೆ ಜಾಗ ಇರಲಿಲ್ಲ, ಫೋಟೊ ಮಸುಕಾಗುತ್ತಿತ್ತು. ತೆಗೆದ 1,838 ಚಿತ್ರಗಳಲ್ಲಿ ಶೇ 21ನ್ನು ಯಂತ್ರ 'ಗುಣಮಟ್ಟ ಸಾಲದು' ಎಂದು ತಳ್ಳಿಹಾಕಿತು. ಅವುಗಳಲ್ಲಿ ಕೆಲವನ್ನು ನರ್ಸುಗಳು ಬರಿಗಣ್ಣಿನಲ್ಲಿ ನೋಡಿಯೇ ಹೇಳಬಲ್ಲವರಾಗಿದ್ದರು. ಇಂಟರ್ನೆಟ್ ನಿಧಾನವಾದರೆ ಸಾಲು ಬೆಳೆಯುತ್ತಿತ್ತು. ಚಿತ್ರ ತಿರಸ್ಕಾರವಾದರೆ ರೋಗಿ ದೂರದ ಆಸ್ಪತ್ರೆಯ ತಜ್ಞರ ಬಳಿ ಹೋಗಬೇಕೆಂಬ ನಿಯಮ ಇತ್ತು. ಹೋಗುವವರಿಗೆ ಒಂದು ದಿನದ ಕೂಲಿ ಹೋಯಿತು, ಬಸ್ ಚಾರ್ಜು ಬೇರೆ.

ಕೆಲವು ನರ್ಸುಗಳು ಇದನ್ನೆಲ್ಲ ನೋಡಿ, ಈ ಅಧ್ಯಯನಕ್ಕೆ ಸೇರಿದರೆ ಸುಮ್ಮನೆ ಅಲೆಯಬೇಕಾದೀತು ಎಂದು ರೋಗಿಗಳನ್ನು ಎಚ್ಚರಿಸತೊಡಗಿದರು. ಲೈಕರ್ಟ್ ಮಾಪಕದಲ್ಲಿ ಈ ನರ್ಸುಗಳಿಗೆ 'ಎಐ ಬಗ್ಗೆ ನಕಾರಾತ್ಮಕ ಧೋರಣೆ' ಎಂಬ ಅಂಕ ಬಿದ್ದೀತು. ಸಂಶೋಧಕರು ಅವರ ಮಾತನ್ನು ಹಾಗೆ ಓದಲಿಲ್ಲ. ಅಧ್ಯಯನದ ನಿಯಮವನ್ನೇ ಬದಲಿಸಿದರು: ಯಂತ್ರ ತಳ್ಳಿಹಾಕಿದ ಚಿತ್ರವನ್ನು ಇನ್ನು ಮುಂದೆ ಕಣ್ಣಿನ ತಜ್ಞರೊಬ್ಬರು ರೋಗಿಯ ದಾಖಲೆಯ ಜತೆಗೆ ಇಟ್ಟುಕೊಂಡು ನೋಡುತ್ತಾರೆ, ರೋಗಿ ತಾನಾಗಿ ಊರು ಬಿಟ್ಟು ಹೋಗಬೇಕಿಲ್ಲ.